ಕಟ್ಟಿದವರ ಗಾದೆ, ಮೆತ್ತಿದವರ ಕೈ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಕಟ್ಟಿದ ಮನೆಯನ್ನು ದುರಸ್ತಿ ಮಾಡಿ ನೋಡು ಅಂತ ಯಾರೂ ಅಂದದ್ದು ನನ್ನ ಕಿವಿಗೆ ಬಿದ್ದಿಲ್ಲ. ಮದುವೆ ಎರಡು ದಿನದ ಗದ್ದಲ, ಸಾಲ ಮಾತ್ರ ಹತ್ತು ವರ್ಷದ್ದು. ಮನೆ ಕಟ್ಟುವುದು ಒಂದೆರಡು ವರ್ಷದ ಒದ್ದಾಟ. ಎರಡಕ್ಕೂ ಕೊನೆಗೊಂದು ಊಟ ಇದೆ, ಫೋಟೋ ಇದೆ, ಬೀಗರ ಮೆಚ್ಚುಗೆ ಇದೆ. ದುರಸ್ತಿಗೆ ಇವು ಯಾವುವೂ ಇಲ್ಲ. ಸೋರುವುದು ನಿಂತಿತು ಎಂದು ಯಾರೂ ವಾಸ್ತುಶಾಂತಿ ಮಾಡಿಸುವುದಿಲ್ಲ. ಗಾದೆ ಹುಟ್ಟಿಸಿದವನು ಮನೆ ಕಟ್ಟಿಸಿದ ಯಜಮಾನನೇ ಇರಬೇಕು. ಕಟ್ಟಿಸಿ, ಕೈ ತೊಳೆದುಕೊಂಡು, ಕಟ್ಟೆಯ ಮೇಲೆ ಕೂತು ಹೇಳಿದ ಮಾತು ಅದು. ಆಮೇಲೆ ಆ ಮನೆ ಅರವತ್ತು ವರ್ಷ ನಿಂತಿತಲ್ಲ, ಅದು ಹೇಗೆ ನಿಂತಿತು, ಯಾರ ಕೈಯಿಂದ ನಿಂತಿತು ಎಂಬುದರ ಲೆಕ್ಕ ಗಾದೆಯಲ್ಲಿಲ್ಲ.

ಆ ಲೆಕ್ಕ ಕೇಳುವ ಹೊತ್ತು ನಮ್ಮ ಕಡೆ ಬಂದದ್ದು 2019ರ ಆಗಸ್ಟ್‌ನಲ್ಲಿ. ಕೃಷ್ಣಾ, ದೂಧಗಂಗಾ, ವೇದಗಂಗಾ ಮೂರೂ ಒಟ್ಟಿಗೆ ಏರಿದವು. ನಿಪ್ಪಾಣಿ ತಾಲ್ಲೂಕಿನ ಕಾರದಗಾದಿಂದ ಹಿಡಿದು ಚಿಕ್ಕೋಡಿಯ ಯಡೂರು, ಕಲ್ಲೋಳ, ರಾಯಬಾಗದ ಬಾವನ ಸವದತ್ತಿ, ಕಾಗವಾಡದ ಜುಗೂಳ, ಅಥಣಿಯ ಸತ್ತಿಯವರೆಗೆ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು. ನೀರು ಇಳಿದ ಮೇಲೆ ಸರ್ಕಾರದವರು ಬಂದು ಮನೆಗಳಿಗೆ ಅಕ್ಷರ ಕೊಟ್ಟರು. ಪೂರ್ತಿ ಬಿದ್ದದ್ದು ಎ, ಅರ್ಧಮರ್ಧ ಬಿದ್ದದ್ದು ಬಿ, ಸ್ವಲ್ಪ ಕೆಟ್ಟದ್ದು ಸಿ. ಎ ಸಿಕ್ಕವರಿಗೆ 5 ಲಕ್ಷ ರೂಪಾಯಿ ಮತ್ತು ಹೊಸ ಮನೆಯ ಯೋಗ. ಊರಲ್ಲಿ ಎಷ್ಟೋ ದಿನ ಇದೇ ಮಾತು: ‘ನಿಮ್ಮದು ಯಾವುದು? ಎ ಏನು?’ ಪರೀಕ್ಷೆಯ ಫಲಿತಾಂಶ ಕೇಳಿದ ಹಾಗೆ. ತನ್ನ ಮನೆ ಸಾಕಷ್ಟು ಬೀಳಲಿಲ್ಲವಲ್ಲ ಎಂದು ಮರುಗುವವರನ್ನು ನಾನು ಆಗ ನೋಡಿದೆ. ಅವರನ್ನು ಆಸೆಬುರುಕರು ಎನ್ನುವುದು ಸುಲಭ. ಆದರೆ ಸಿ ಮನೆಯಲ್ಲಿ ಬದುಕಿದವರಿಗಷ್ಟೇ ಗೊತ್ತು ಅದರ ಸಂಕಟ. ಬಿದ್ದ ಮನೆಗೆ ಪರಿಹಾರವುಂಟು, ನಿಂತ ಮನೆಗೆ ನೆಮ್ಮದಿಯುಂಟು. ಸಿ ಮನೆ ಬೀಳಲೂ ಇಲ್ಲ, ನಿಲ್ಲಲೂ ಇಲ್ಲ. ಅದನ್ನು ದಿನಾ ನಿಲ್ಲಿಸುತ್ತಿರಬೇಕು.

ನಮ್ಮದು ಸಿ. ರಾಯಬಾಗ ತಾಲ್ಲೂಕಿನ ಹೊಳೆದಂಡೆಯ ಊರು, ಅಜ್ಜ ಕಟ್ಟಿಸಿದ ಮನೆ. ಕಲ್ಲಿನ ಪಾಯ, ಮೇಲೆ ಮಣ್ಣಿನ ಗೋಡೆ, ಪಡಸಾಲೆಗೆ ಮೇಲ್ಮುದ್ದಿ, ಹಿಂದಿನ ಭಾಗಕ್ಕೆ ಆಮೇಲೆ ಹಾಕಿದ ಪತ್ರಾಸು. ಅವ್ವ ಅಲ್ಲಿರುತ್ತಾಳೆ. ನಾನು ಚಿಕ್ಕೋಡಿಯಲ್ಲಿ ಪಾಠ ಹೇಳುವವನು, ಶನಿವಾರ ಸಂಜೆ ಊರಿಗೆ ಹೋಗುವವನು. ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು ಅಭ್ಯಾಸ, ಸುಣ್ಣದ ಬಕೆಟ್ಟು ಹಿಡಿದಲ್ಲ. ಇಂಥ ಮನೆಗೆ ಗೌಂಡಿಯನ್ನು ಕರೆದರೆ ಅವನು ಬಾಗಿಲಲ್ಲೇ ನಿಂತು ಮೇಲೆ ಕೆಳಗೆ ನೋಡಿ, ‘ಕೆಡವಿ ಕಟ್ಟರಿ ಸರ’ ಅನ್ನುತ್ತಾನೆ. ಅವನ ದೃಷ್ಟಿಯಲ್ಲಿ ಅದೇ ಸರಿ. ನಾಲ್ಕು ತಿಂಗಳ ಕೆಲಸ ಇಚಲಕರಂಜಿಯಲ್ಲಿ, ಕೊಲ್ಹಾಪುರದಲ್ಲಿ ಕಾಯುತ್ತಿರುವಾಗ ಒಂದು ಮೂಲೆಯ ಗೋಡೆಗೆ, ಎರಡು ಮೊಳದ ಬಿರುಕಿಗೆ ಯಾರು ಬರುತ್ತಾರೆ? ‘ಅಮಾಸಿ ಆಗ್ಲಿ, ಬರ್ತೇನಿ’ ಎಂಬುದು ಅವರ ಉತ್ತರ. ಅಮಾವಾಸ್ಯೆ ತಿಂಗಳಿಗೊಂದು ಬರುತ್ತದೆ, ಅವರು ಬರುವುದಿಲ್ಲ. ಹೀಗೆ ನಮ್ಮ ಕಡೆ ಎಷ್ಟೋ ಮಾಸ್ತರರು, ಬ್ಯಾಂಕಿನವರು, ತಲಾಟಿಗಳು, ಔಷಧ ಅಂಗಡಿಯವರು ಮನಸ್ಸಿಲ್ಲದ ಮನಸ್ಸಿನಿಂದ ಸಲಿಕೆ ಕರಣೆ ಹಿಡಿದರು. ಇದು ಹವ್ಯಾಸವಲ್ಲ. ಹವ್ಯಾಸಕ್ಕೆ ಬೇಕಾದಾಗ ಬಿಡುವ ಸ್ವಾತಂತ್ರ್ಯ ಇರುತ್ತದೆ.

ಈ ಕೆಲಸದ ಕಿರಿಕಿರಿಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಏಕೆಂದರೆ ಅದು ಕಷ್ಟದ ಕಿರಿಕಿರಿಯಲ್ಲ. ಕಬ್ಬು ಕಡಿಯುವುದು ಕಷ್ಟ, ಆದರೆ ಅದರಲ್ಲಿ ಇಂಥ ಕಿರಿಕಿರಿ ಇಲ್ಲ. ಹಿತ್ತಲ ನಳ ಸೋರುತ್ತದೆ ಎನ್ನಿ. ವಾಷರ್ ಬದಲಿಸಿದರೆ ಆಯಿತು ಎಂದು ಎಲ್ಲರೂ ಹೇಳುತ್ತಾರೆ. ಪಾನಾ ಹಾಕಿ ತಿರುವಿದರೆ ನಳದ ಜತೆ ಗೋಡೆಯೊಳಗಿನ ಹಳೆಯ ಕಬ್ಬಿಣದ ಪೈಪೂ ತಿರುಗುತ್ತದೆ. ಹಾರ್ಡ್‌ವೇರ್ ಅಂಗಡಿಗೆ ಹೋದರೆ ಅವನ ಮೊದಲ ಪ್ರಶ್ನೆ: ‘ಸ್ಯಾಂಪಲ್ ತಂದೀರೇನ್ರಿ?’ ಅರ್ಧ ಇಂಚಿನದೋ ಮುಕ್ಕಾಲು ಇಂಚಿನದೋ, ಒಳಮರಿಯದೋ ಹೊರಮರಿಯದೋ? ಕೀಲಿನ ಬಾಗಿಲಿಗೆ ಹೋದರೆ ಬಿಜಾಗರಿ ಹಳೆಯ ಅಳತೆಯದು, ಇಂದಿನ ಅಂಗಡಿಯಲ್ಲಿಲ್ಲ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಕೆತ್ತಿ ಹಗುರ ಮಾಡಿದರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಸಂದು. ಒಂದು ಮೊಳೆ ಹೊಡೆದರೆ ಒಂದು ಬುಟ್ಟಿ ಮಣ್ಣು ಉದುರುತ್ತದೆ. ಮೂಲೆಗೆ ಹಲಗೆ ಕೂರಿಸಲು ಹೋದರೆ ಆ ಮೂಲೆ ಮೂಲೆಯೇ ಅಲ್ಲ, ಒಂದು ಬಗೆಯ ಬಾಗು. ಹಳೆಯ ಮನೆಯಲ್ಲಿ ಯಾವುದೂ ಒಂಟಿಯಾಗಿ ಕೆಡುವುದಿಲ್ಲ. ಅವಿಭಕ್ತ ಕುಟುಂಬದಂತೆ ಒಬ್ಬರನ್ನು ಮುಟ್ಟಿದರೆ ಎಲ್ಲರೂ ಮಾತಾಡುತ್ತಾರೆ.

ಇವೆಲ್ಲಕ್ಕಿಂತ ಮೇಲೆ ಗೋಡೆಯ ಉಪ್ಪು. ನಮ್ಮ ಹೊಳೆದಂಡೆಯ ಹೊಲಗಳು ಕಬ್ಬಿಗೆ ನೀರು ಕುಡಿದು ಕುಡಿದು ಸವಳು-ಜವಳು ಆಗಿರುವುದು ಎಲ್ಲರಿಗೂ ಗೊತ್ತು. ಹೊಲದಲ್ಲಿ ಆಗುವುದೇ ಗೋಡೆಯಲ್ಲೂ ಆಗುತ್ತದೆ. ನೆಲದ ತೇವ ಗೋಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಮೇಲೇರುತ್ತದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಜತೆಗೆ ಉಪ್ಪನ್ನು ತರುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿದು ಹರಳುಗಟ್ಟುತ್ತದೆ. ಹರಳಿಗೆ ಜಾಗ ಬೇಕು. ಅದು ತನ್ನ ಮುಂದಿನ ಬಣ್ಣವನ್ನು, ಪುಟ್ಟಿಯನ್ನು, ಗಿಲಾವನ್ನು ತಳ್ಳುತ್ತದೆ. ಪ್ರವಾಹದ ನಂತರ ನಮ್ಮ ಓಣಿಯಲ್ಲಿ ಹೆಚ್ಚಿನವರು ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರು. ನೋಡಲು ಚೆಂದ, ಗಟ್ಟಿ, ಒಂದೇ ಸಲದ ಖರ್ಚು. ಎರಡು ಮಳೆಗಾಲ ಕಳೆಯುವುದರೊಳಗೆ ಅದು ಬಸುರಿಯ ಹೊಟ್ಟೆಯಂತೆ ಉಬ್ಬಿತು. ಬೆರಳಿಂದ ಬಡಿದರೆ ಟೊಳ್ಳು ಸದ್ದು. 2021ರ ಜುಲೈನಲ್ಲಿ ಮತ್ತೆ ಹೊಳೆ ಬಂದಾಗ ಹಲಗೆ ಹಲಗೆಯಾಗಿ ಕಳಚಿ ಬಿತ್ತು. ಬೀಳುವಾಗ ತನ್ನ ಹಿಂದಿನ ಮಣ್ಣನ್ನೂ ಕಿತ್ತುಕೊಂಡು ಬಿತ್ತು. ‘ಸಿಮಿಟ ಹಚ್ಚಿದ್ರ ಗ್ವಾಡಿ ಒಳಗs ಬೆವರತೈತಿ’ ಎಂದು ಅವ್ವ ಹೇಳಿದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಅವಳು ಇಂಜಿನಿಯರೂ ಅಲ್ಲ, ಗೌಂಡಿಯೂ ಅಲ್ಲ.

ಮಣ್ಣಿನ ಗೋಡೆಗೆ ಮಣ್ಣಿನದೇ ಗಿಲಾವು ಬೇಕು. ಮೃದುವಾದದ್ದು, ತೇವವನ್ನು ಹೊರಗೆ ಬಿಡುವಂಥದ್ದು. ಉಪ್ಪು ಬಂದರೆ ಅದು ಉಪ್ಪನ್ನು ತಾನು ತಿಂದು, ತಾನು ಉದುರಿ, ಒಳಗಿನ ಗೋಡೆಯನ್ನು ಉಳಿಸುತ್ತದೆ. ಅಂದರೆ ಕೆಡುವುದೇ ಅದರ ಕೆಲಸ. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ನಾವು ಮನೆಗೆ ಏನೇ ಮಾಡಲಿ, ‘ಒಮ್ಮೆ ಮಾಡಿದ್ರ ಮುಗೀತು’ ಎಂಬಂತೆ ಇರಬೇಕು ಎಂದು ಬಯಸುತ್ತೇವೆ. ಅಂಗಡಿಯ ಡಬ್ಬಿಗಳ ಮೇಲೆಲ್ಲ ಅದೇ ಭರವಸೆ: ಹತ್ತು ವರ್ಷ, ಹದಿನೈದು ವರ್ಷ. ಹಳಬರ ಗಿಲಾವು ಮಾತ್ರ ಯಾವ ಭರವಸೆಯನ್ನೂ ಕೊಡುವುದಿಲ್ಲ. ಬರುವ ವರ್ಷ ಮತ್ತೆ ಬಾ ಅನ್ನುತ್ತದೆ. ಅಥಣಿಯ ಗಚ್ಚಿನಮಠದ ಹೆಸರಿನಲ್ಲಿಯೇ ಗಚ್ಚು ಇದೆ. ಗಚ್ಚು ಅರೆದು ಅರೆದು ಗಟ್ಟಿ ಕಟ್ಟಡ ಕಟ್ಟಲು ನಮ್ಮವರಿಗೆ ಬರುತ್ತಿತ್ತು. ಆದರೂ ಸಾಮಾನ್ಯನ ಮನೆಗೆ ಅವರು ಗಟ್ಟಿಯದಕ್ಕಿಂತ ಮತ್ತೆ ಮತ್ತೆ ಮಾಡುವಂಥದ್ದನ್ನು ಆರಿಸಿಕೊಂಡರು. ಬಡತನ ಒಂದು ಕಾರಣ, ಒಪ್ಪಿದೆ. ಆದರೆ ಮತ್ತೆ ಮತ್ತೆ ಮಾಡಲು ಕೈಗಳು ಸಿಗುತ್ತವೆ ಎಂಬ ನಂಬಿಕೆಯೂ ಒಂದು ಕಾರಣ.

ಯಾರ ಕೈ? ಪ್ರಶ್ನೆ ಇರುವುದು ಇಲ್ಲಿಯೇ.

ನಾನು ಮೊದಲ ಸಲ ಹೊರಗೋಡೆಗೆ ಮಣ್ಣು ಮೆತ್ತಲು ನಿಂತ ದಿನ ಓಣಿಯಲ್ಲಿ ಹಾದುಹೋದವರೆಲ್ಲ ನಿಂತರು. ‘ಯಾಕ್ರಿ ಸರ, ಗೌಂಡಿ ಸಿಗಲಿಲ್ಲೇನು?’ ಎಂದು ಒಬ್ಬರು. ‘ಪಗಾರ ಭಾಳ ಆತು, ಉಳಸಾಕ ಹತ್ಯಾರ’ ಎಂದು ಇನ್ನೊಬ್ಬರು, ಕೇಳಿಸುವ ಹಾಗೆ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಂದು, ಇದು ಬಹಳ ಒಳ್ಳೆಯದು, ಸ್ವಾವಲಂಬನೆ ಎಂದು ಬೆನ್ನು ತಟ್ಟಿ, ಬಿಳಿ ಧೋತರಕ್ಕೆ ಮಣ್ಣು ತಾಗದಂತೆ ದೂರ ಸರಿದು ಹೋದರು. ಕಲಿತವನ ಕೈಯಲ್ಲಿ ಕರಣೆ ಕಂಡರೆ ಊರಿಗೆ ಅದು ಕರುಣೆ, ಜಿಪುಣತನ, ಆದರ್ಶ ಈ ಮೂರರಲ್ಲಿ ಒಂದಾಗಿ ಕಾಣುತ್ತದೆ. ಬರೀ ಕೆಲಸವಾಗಿ ಕಾಣುವುದಿಲ್ಲ. ಅದೇ ಹೊತ್ತಿನಲ್ಲಿ ಎದುರು ಮನೆಯ ಹೆಣ್ಣುಮಗಳೊಬ್ಬಳು ತನ್ನ ಅಂಗಳವನ್ನು ಸಗಣಿಯಿಂದ ಸಾರಿಸುತ್ತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಅವಳು ಮಾಡುತ್ತಿದ್ದದ್ದೂ ದುರಸ್ತಿಯೇ. ನೆಲದ ಬಿರುಕು ಮುಚ್ಚುವುದು, ಧೂಳು ಕೂರಿಸುವುದು, ಹುಳ ಬರದಂತೆ ನೋಡುವುದು. ಅವಳಿಗೆ ಸ್ವಾವಲಂಬನೆ ಎಂಬ ಹೊಗಳಿಕೆ ಸಿಗಲಿಲ್ಲ, ಗೌಂಡಿ ಸಿಗಲಿಲ್ಲವೇ ಎಂಬ ಕನಿಕರವೂ ಸಿಗಲಿಲ್ಲ.

ನಮ್ಮ ಮನೆಯ ಅರವತ್ತು ವರ್ಷದ ಉತ್ತರ ಅಲ್ಲಿದೆ. ಅಜ್ಜ ಕಟ್ಟಿಸಿದ ಮನೆ ಎಂದು ಊರೆಲ್ಲ ಹೇಳುತ್ತದೆ. ನಿಲ್ಲಿಸಿದವಳು ಅಜ್ಜಿ, ಆಮೇಲೆ ಅವ್ವ. ವಾರಕ್ಕೊಮ್ಮೆ ನೆಲ ಸಾರಿಸುವುದು, ಮಳೆಗೆ ಮುಂಚೆ ಮೇಲ್ಮುದ್ದಿಯ ಹುಲ್ಲು ಕಿತ್ತು ಹಾಳುಮಣ್ಣು ಹರವುವುದು, ಮಹಾನವಮಿಯ ಮುಂದೆ ಗೋಡೆಗೆ ಮಣ್ಣು, ಮೇಲೆ ಸುಣ್ಣ, ಚಿಂಚಲಿ ಮಾಯಕ್ಕನ ಜಾತ್ರೆಗೆ ಬೀಗರು ಬರುವ ಮೊದಲು ಇನ್ನೊಮ್ಮೆ ಸುಣ್ಣ. ಮಣ್ಣು ನೆನೆಹಾಕುವುದು, ಹೊಟ್ಟು ಕಲಸುವುದು, ತುಳಿಯುವುದು ಎಲ್ಲ ಮನೆಯ ಹೆಣ್ಣುಮಕ್ಕಳೇ. ಇದನ್ನು ಯಾರೂ ಕೆಲಸ ಎಂದು ಕರೆಯಲಿಲ್ಲ. ‘ಹಬ್ಬಕ್ಕ ಮನಿ ಸ್ವಚ್ಛ ಮಾಡಾಕ ಹತ್ಯಾರ’ ಎಂದರು. ಅಪ್ಪನ ಲೆಕ್ಕದ ಹಳೆಯ ವಹಿಯನ್ನು ತಿರುವಿದ್ದೇನೆ. ಬಡಿಗನಿಗೆ ಕೊಟ್ಟ ಕಾಳು ಇದೆ, ಗೌಂಡಿಗೆ ಕೊಟ್ಟ ದುಡ್ಡು ಇದೆ, ಸುಣ್ಣದ ಕಲ್ಲಿನ ಬೆಲೆ ಇದೆ. ಸುಣ್ಣ ಹಚ್ಚಿದ ಕೈ ಎಲ್ಲಿಯೂ ಇಲ್ಲ. ಇರಬೇಕು ಎಂದು ಆ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಕ್ಕಿಲ್ಲ, ಆ ಕೈಯವಳಿಗೂ.

ಹಾಗಾಗಿ ಮನಸ್ಸಿಲ್ಲದ ರಿಪೇರಿಗಾರನ ಸಿಟ್ಟನ್ನು ನಾನು ಈಗ ಬೇರೆ ರೀತಿ ಓದುತ್ತೇನೆ. ಅವನನ್ನು ಸುಡುವುದು ಎರಡು ಸಂಗತಿ. ಇದು ಮುಗಿಯುವುದಿಲ್ಲವಲ್ಲ ಎಂಬುದು ಒಂದು. ಇದು ನನ್ನ ಕೆಲಸವಲ್ಲವಲ್ಲ ಎಂಬುದು ಇನ್ನೊಂದು. ಇವು ಬೇರೆ ಬೇರೆ ದೂರುಗಳಂತೆ ಕಂಡರೂ ಬೇರು ಒಂದೇ. ಮುಗಿಯದ ಭಾಗವನ್ನೆಲ್ಲ ಬೇರೆಯವರಿಗೆ ವಹಿಸಿಕೊಟ್ಟವನಿಗೆ ಮಾತ್ರ ಕೆಲಸ ಎಂದರೆ ಮುಗಿಯುವಂಥದ್ದು ಎಂಬ ಕಲ್ಪನೆ ಬರುತ್ತದೆ. ಪರೀಕ್ಷೆ ಮುಗಿಯುತ್ತದೆ, ಫೈಲು ಮುಗಿಯುತ್ತದೆ, ಪಾಠ ಮುಗಿಯುತ್ತದೆ. ರೊಟ್ಟಿ ಬಡಿಯುವುದು ಮುಗಿಯುತ್ತದೆಯೇ? ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಕೂಲಿ ಎಣಿಸುವುದು ಸಾವಿರ ಬೀಡಿಗೆ ಇಷ್ಟು ಎಂದು. ಸಾವಿರ ತುಂಬಿದರೆ ಆ ದಿನದ್ದು ಆಯಿತು, ಅಷ್ಟೇ. ನಾಳೆಯದು ಮತ್ತೆ ಒಂದರಿಂದ. ಅಂಥವರ ಕೈಯಲ್ಲಿ ಒಂದು ನೆಮ್ಮದಿ ಇರುತ್ತದೆ ಎಂದು ಬರೆಯುವವರಿದ್ದಾರೆ. ನನಗೆ ಆ ಬರವಣಿಗೆ ಸೇರುವುದಿಲ್ಲ. ಆ ಬೆರಳುಗಳಲ್ಲಿ ವೇಗವಿದೆ, ನೋವಿದೆ. ನೆಮ್ಮದಿಯ ಮಾತನ್ನು ಅವರೇ ಹೇಳಬೇಕು.

ಇದನ್ನು ಬರೀ ಗಂಡು-ಹೆಣ್ಣಿನ ಲೆಕ್ಕ ಎನ್ನಲಾಗದು. ನಮ್ಮ ಊರುಗಳಲ್ಲಿ ಯಾವ ಉಪಕರಣ ಯಾರ ಮನೆಯಲ್ಲಿ ಇರಬೇಕು ಎಂಬುದು ಹುಟ್ಟುವ ಮೊದಲೇ ನಿಶ್ಚಯವಾಗಿತ್ತು. ಉಳಿ ಬಡಿಗೇರ ಮನೆಯಲ್ಲಿ, ತಿದಿ ಕಮ್ಮಾರನ ಮನೆಯಲ್ಲಿ, ರಂಪಿಗೆ ಸಮಗಾರನ ಮನೆಯಲ್ಲಿ. ಉಳಿದವರ ಮನೆಯಲ್ಲಿ ಒಂದು ಸುತ್ತಿಗೆ ಸಹ ಇರುತ್ತಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ, ಕರೆದರೆ ಬರುತ್ತಿದ್ದರು. ಡಾ. ಅಂಬೇಡ್ಕರ್ 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಗೆ ಬಂದಿದ್ದರು. ಹನ್ನೊಂದು ವರ್ಷದ ನಂತರ ಬಂದ ಅವರ ‘ಜಾತಿ ವಿನಾಶ’ದಲ್ಲಿ ಒಂದು ವಾದವಿದೆ: ಜಾತಿಯನ್ನು ಶ್ರಮದ ವಿಭಜನೆ ಎಂದು ಸಮರ್ಥಿಸುವವರು, ಅದು ಶ್ರಮಿಕರನ್ನೇ ವಿಭಜಿಸುತ್ತದೆ, ಮೇಲೆ ಕೆಳಗೆ ಜೋಡಿಸುತ್ತದೆ ಎಂಬುದನ್ನು ಮರೆಯುತ್ತಾರೆ. ನಮ್ಮ ಕೈಗೆ ಕೆಲಸ ಬಾರದಿರುವುದನ್ನು ನಾವು ವಿದ್ಯೆಯ ಗುರುತು ಎಂದುಕೊಂಡಿದ್ದೇವೆ. ಅದರಲ್ಲಿ ಈ ಜೋಡಣೆಯ ಗುರುತೂ ಇದೆ. ‘ನನಗ ಒಂದ ಮೊಳಿ ಸೈತ ಹೊಡ್ಯಾಕ ಬರೂದಿಲ್ಲ’ ಎಂದು ನಗುತ್ತ, ತುಸು ಜಂಬದಿಂದ ಹೇಳುವವರನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟು ಬೇಕಾದರೂ ಕಾಣಬಹುದು. ‘ನನಗೆ ಒಂದು ವಾಕ್ಯ ಬರೆಯಲು ಬರುವುದಿಲ್ಲ’ ಎಂದು ಯಾವ ಗೌಂಡಿಯೂ ಜಂಬ ಪಡುವುದಿಲ್ಲ.

ಹಾಗಾದರೆ ಎಲ್ಲರೂ ತಮ್ಮ ಕೆಲಸ ತಾವು ಮಾಡಿಕೊಂಡರೆ ಈ ಲೆಕ್ಕ ಚುಕ್ತಾ ಆಗುತ್ತದೆಯೇ? ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಪ್ರಿಟೋರಿಯಾದಲ್ಲಿ ಬಿಳಿಯ ಕ್ಷೌರಿಕನೊಬ್ಬ ಅವರ ಕೂದಲು ಕತ್ತರಿಸಲು ಒಪ್ಪಲಿಲ್ಲ. ಅವರು ಕತ್ತರಿ ಕೊಂಡು ತಂದು ಕನ್ನಡಿಯ ಮುಂದೆ ತಾವೇ ಕತ್ತರಿಸಿಕೊಂಡರು. ಮುಂದಿನದು ಹೇಗೋ ಆಯಿತು, ಹಿಂದಿನದು ಕೆಟ್ಟುಹೋಯಿತು. ಕೋರ್ಟಿನಲ್ಲಿ ಗೆಳೆಯರು, ಇಲಿ ಏನಾದರೂ ಕಡಿಯಿತೇ ಎಂದು ನಕ್ಕರು. ಈ ಪ್ರಸಂಗವನ್ನು ಸ್ವಾವಲಂಬನೆಯ ಪಾಠವಾಗಿ ಶಾಲೆಯಲ್ಲಿ ಹೇಳುತ್ತಾರೆ. ಆದರೆ ಗಾಂಧೀಜಿ ಅಲ್ಲಿ ಇನ್ನೊಂದು ಮಾತು ಸೇರಿಸುತ್ತಾರೆ. ಆ ಕ್ಷೌರಿಕನ ಮೇಲೆ ಅವರು ಸಿಟ್ಟಾಗಲಿಲ್ಲ, ಏಕೆಂದರೆ ನಮ್ಮ ದೇಶದಲ್ಲಿ ನಮ್ಮ ಕ್ಷೌರಿಕರು ಅಸ್ಪೃಶ್ಯರ ಕೂದಲು ತೆಗೆಯಲು ನಾವೇ ಬಿಡುವುದಿಲ್ಲ. ನನಗೆ ಕತ್ತರಿಗಿಂತ ಈ ಮಾತು ದೊಡ್ಡದು. ತಾನು ಕೆಟ್ಟದಾಗಿ ಮಾಡಿಕೊಂಡ ಒಂದು ಕೆಲಸದ ಮೂಲಕ ಅವರು ಇನ್ನಾರಿಗೋ ಸಿಗದ ಸೇವೆಯನ್ನು ನೆನೆದರು. ಅಲ್ಲಿ ಕೂದಲು ಚೆನ್ನಾಗಿ ಕತ್ತರಿಸಿತೇ ಎಂಬುದು ಮುಖ್ಯವಲ್ಲ.

ನಮ್ಮೂರ ಹಿರಿಯ ಗೌಂಡಿಯೊಬ್ಬರು, ನಾನು ಕಾಕಾ ಎನ್ನುವವರು, ಒಂದು ಸಂಜೆ ನನ್ನ ಗೋಡೆಯ ಮುಂದೆ ಬಂದು ನಿಂತರು. ಬಹಳ ಹೊತ್ತು ಮಾತಾಡಲಿಲ್ಲ. ಅಂಗೈಯಿಂದ ಸವರಿದರು, ತೂಕದ ಗುಂಡು ಬಿಟ್ಟು ನೋಡುವ ಅಗತ್ಯ ಅವರಿಗಿರಲಿಲ್ಲ.

‘ಸರ, ಇದು ಗ್ವಾಡಿ ಅಲ್ರಿ, ಹೊಳಿ ತೆರಿ’ ಎಂದರು.

‘ನೀವ ಬರಲಿಲ್ಲಲಾ ಕಾಕಾ, ಮತ್ತೇನ ಮಾಡ್ಲಿ?’

‘ಬರ್ತಿದ್ನಿರಿ. ಆದ್ರ ನೀವೆಲ್ಲಾ ಕಲತಾವ್ರು ಹಿಂಗ ಮಾಡ್ಕೊಳ್ಳಾಕ ಹತ್ತಿದ್ರ ನಮ್ಮ ಹೊಟ್ಟಿ ಹೆಂಗ ತುಂಬಬೇಕು?’ ಆಮೇಲೆ ತಾವೇ ನಕ್ಕು, ‘ಹೋಗ್ಲಿ ಬಿಡ್ರಿ, ಮಣ್ಣಿನ ಕೆಲಸಾ ಈಗ ನಮಗೂ ಬೇಡ. ನಮ್ಮ ಹುಡುಗರಿಗೆ ಬರೂದೂ ಇಲ್ಲ. ಮಣ್ಣ ಹದಾ ಮಾಡಾಕ ಎಂಟ ದಿನಾ ಬೇಕು. ಎಂಟ ದಿನದ ಪಗಾರ ಯಾರ ಕೊಡ್ತಾರ?’

ಈ ಮಾತಿನಲ್ಲಿ ಎರಡು ತಕರಾರು ಇದ್ದವು. ಒಂದಕ್ಕೊಂದು ವಿರುದ್ಧವಾದವು, ಎರಡೂ ನಿಜ. ಉಳ್ಳವನು ತಾನೇ ಮಾಡಿಕೊಂಡು ದುಡ್ಡು ಉಳಿಸುವುದು ದುಡಿದು ತಿನ್ನುವವನ ಕೂಲಿಗೆ ಕೈ ಹಾಕಿದಂತೆ. ಆ ಮಟ್ಟಿಗೆ ಹೆಡ್‌ಮಾಸ್ತರರ ಸ್ವಾವಲಂಬನೆಯ ಹೊಗಳಿಕೆ ನನಗೆ ಒಗ್ಗುವುದಿಲ್ಲ. ತಿಂಗಳ ಸಂಬಳ ಬರುವವನ ಸ್ವಾವಲಂಬನೆಗೆ ಅಂಥ ದೊಡ್ಡ ನೈತಿಕ ಬೆಲೆಯಿಲ್ಲ. ಬಂದರೆ ಬರಲಿ, ಹೋದರೆ ಹೋಗಲಿ ಎನ್ನುವ ಅನುಕೂಲ ಅವನಿಗಿದೆ. ಆದರೆ ಕಾಕಾ ಹೇಳಿದ ಎರಡನೆಯದು ಇನ್ನೂ ಕಹಿ. ಗೊತ್ತಿರುವವರಿಗೂ ಆ ಕೆಲಸ ಬೇಡವಾಗಿದೆ, ಏಕೆಂದರೆ ಅದರ ನಿಜವಾದ ಬೆಲೆಯನ್ನು ಯಾರೂ ಯಾವತ್ತೂ ಕೊಟ್ಟೇ ಇಲ್ಲ. ಮಣ್ಣು ಕೊಳೆಯುವ ಎಂಟು ದಿನಗಳನ್ನು ಹಿಂದೆ ಮನೆಯ ಹೆಣ್ಣುಮಕ್ಕಳು ಸುಮ್ಮನೆ ಕೊಡುತ್ತಿದ್ದರು. ಗೌಂಡಿ ಬಂದು ಹದವಾದ ಮಣ್ಣಿಗೆ ಕೈ ಹಚ್ಚುತ್ತಿದ್ದ. ಅವರ ಪುಕ್ಕಟೆ ದಿನಗಳು ನಿಂತಾಗ ಅವನ ಕೆಲಸವೂ ನಿಂತಿತು. ‘ಮಣ್ಣಿನ ಮನೆ ಅಗ್ಗ’ ಎಂದು ನಾವು ಹೇಳುತ್ತ ಬಂದದ್ದು ಹೀಗೆ. ಅಗ್ಗ ಇದ್ದದ್ದು ಮಣ್ಣಲ್ಲ.

ಮಾಡುವುದಕ್ಕೂ ಮೆತ್ತುವುದಕ್ಕೂ ನಡುವೆ ಜಗತ್ತು ಎಲ್ಲ ಕಡೆ ಈ ಭೇದ ಮಾಡುತ್ತದೆ. ಕೊಲ್ಹಾಪುರಿ ಚಪ್ಪಲಿಯನ್ನೇ ನೋಡಿ. ಅಥಣಿ, ನಿಪ್ಪಾಣಿ ಕಡೆಯ ಕುಟುಂಬಗಳು ತಲೆಮಾರುಗಳಿಂದ ಅದನ್ನು ಹೊಲಿಯುತ್ತ ಬಂದಿವೆ. 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರು ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ಮಾದರಿಯ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೂಲದ ಹೆಸರು ಹೇಳದೆ ತೋರಿಸಿದಾಗ ಗದ್ದಲವಾಯಿತು, ಆಗಬೇಕಾದದ್ದೇ. ಹೊಸ ಚಪ್ಪಲಿಯ ಹಿಂದಿನ ಕೈಗೆ ತಡವಾಗಿಯಾದರೂ ಒಂದು ಹೆಸರು ಸಿಕ್ಕಿತು. ಆದರೆ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಕೂತು ಹರಿದ ಉಂಗುಷ್ಠಕ್ಕೆ ಎರಡು ಹೊಲಿಗೆ ಹಾಕಿಕೊಡುವವನಿಗೆ? ಅವನ ಹತ್ತಿರ ನಾವು ಚಪ್ಪಲಿಯನ್ನು ಕಾಲಿನಿಂದಲೇ ಮುಂದೆ ತಳ್ಳುತ್ತೇವೆ. ಕೈಯಿಂದ ಎತ್ತಿ ಕೊಡುವವರು ಕಡಿಮೆ. ಹೊಸದು ಕಲೆ, ಹಳೆಯದನ್ನು ಉಳಿಸುವುದು ಚಾಕರಿ. ಈ ತಾರತಮ್ಯ ಎಲ್ಲಿಂದ ಬಂತು ಎಂದು ನೋಡಿದರೆ ನಾನು ಮೊದಲು ಹೇಳಿದ ಗಾದೆಯ ಯಜಮಾನನೇ ಅಲ್ಲಿಯೂ ಕೂತಿದ್ದಾನೆ. ಕಾಯಕದ ಬಗ್ಗೆ ಭಾಷಣ ಮಾಡದ ವೇದಿಕೆ ನಮ್ಮ ಕಡೆ ಇಲ್ಲ. ಆ ವೇದಿಕೆ ಕಟ್ಟಿ, ಬಿಚ್ಚಿ, ಕಸ ಗುಡಿಸುವವರನ್ನು ಮೇಲೆ ಕರೆದ ಸಭೆಯನ್ನು ನಾನು ನೋಡಿಲ್ಲ.

ಮಣ್ಣಿನ ಹದದ ಬಗ್ಗೆ ಎರಡು ಮಾತು, ಏಕೆಂದರೆ ಅದು ಪುಸ್ತಕದಿಂದ ಬರಲಿಲ್ಲ. ನಮ್ಮದು ಎರೆಭೂಮಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಆರಿದರೆ ಕುಗ್ಗಿ ಬಿರಿಯುತ್ತದೆ. ಬರೀ ಎರೆಯನ್ನು ಗೋಡೆಗೆ ಮೆತ್ತಿದರೆ ಮರುದಿನವೇ ಆಮೆಯ ಬೆನ್ನು. ಅದಕ್ಕೆ ಉಸುಕು ಬೇಕು, ಹೊಟ್ಟು ಬೇಕು, ಸಗಣಿ ಬೇಕು. ನೀರು ಹಾಕಿ, ತುಳಿದು, ಮುಚ್ಚಿಟ್ಟು, ಮತ್ತೆ ತುಳಿದು, ಹುಳಿ ವಾಸನೆ ಬರುವವರೆಗೆ ಕಾಯಬೇಕು. ಹಚ್ಚುವ ಮೊದಲು ಗೋಡೆಗೆ ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಒಣ ಗೋಡೆ ಗಿಲಾವಿನ ನೀರನ್ನೆಲ್ಲ ಹೀರಿಕೊಂಡು ಅದನ್ನು ಬಿಟ್ಟುಕೊಡುತ್ತದೆ. ಮಣ್ಣನ್ನು ಹಚ್ಚುವುದಲ್ಲ, ಬೀಸಿ ಒಗೆಯುವುದು. ಎಷ್ಟು ಉಸುಕು, ಎಷ್ಟು ಹೊಟ್ಟು ಎಂದು ಅವ್ವನನ್ನು ಕೇಳಿದರೆ, ‘ಕೈಗೆ ತಿಳೀತೈತಿ’ ಎನ್ನುತ್ತಾಳೆ. ಅಳತೆ ಹೇಳು ಎಂದು ಪಟ್ಟು ಹಿಡಿದರೆ ಅವಳಿಗೇ ಸಿಟ್ಟು. ಕಡೆಗೆ ಒಂದು ಉಂಡೆ ಮಾಡಿ ನನ್ನ ಅಂಗೈಯಲ್ಲಿಟ್ಟು, ಇನ್ನೊಂದು ಉಂಡೆ ಮಾಡಿ ಎಡಗೈಯಲ್ಲಿಟ್ಟು, ‘ಯಾವುದು ಹದಾ?’ ಎಂದು ಕೇಳಿದಳು. ನಲವತ್ತು ಹುಡುಗರನ್ನು ದಿನಾ ಪ್ರಶ್ನೆ ಕೇಳುವವನು ನಾನು. ಎರಡೂ ಒಂದೇ ತರ ಇದ್ದವು. ಅವಳಿಗೆ ಅವು ಒಂದೇ ತರ ಇರಲಿಲ್ಲ.

ಆ ಹೊತ್ತಿನ ಮುಜುಗರ ನನಗೆ ಈ ಇಡೀ ವಿಷಯದಲ್ಲಿ ಉಪಯೋಗಕ್ಕೆ ಬಂದ ಒಂದೇ ಸಂಗತಿ ಎನ್ನಿಸುತ್ತದೆ. ಮನಸ್ಸಿಲ್ಲದೆ ಮಾಡುವವನಿಗೆ ಕೌಶಲ ಬರುವುದು ಅಪರೂಪ. ನನ್ನ ಗೋಡೆ ಇನ್ನೂ ಹೊಳೆಯ ತೆರೆಯೇ. ಉಂಡ ಮನೆಯ ಜಂತಿ ಎಣಿಸಬಾರದು ಅನ್ನುತ್ತಾರೆ. ಮೇಲ್ಮುದ್ದಿಯ ಕೆಳಗೆ ಏಣಿ ಹಾಕಿ ನಿಂತವನಿಗೆ ಜಂತಿ ಎಣಿಸದೆ ಬೇರೆ ದಾರಿಯಿಲ್ಲ. ಎಣಿಸಿದಾಗ ಪ್ರತಿಯೊಂದರ ಹಿಂದೆ ಯಾರೋ ಇದ್ದರು ಎಂಬುದು ಕಾಣುತ್ತದೆ. ಇದು ಕೃತಘ್ನತೆಯ ಎಣಿಕೆ ಅಲ್ಲ. ಆದರೆ ಅಷ್ಟಕ್ಕೇ ಎಲ್ಲವೂ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಗೌರವ ಬಂದಷ್ಟು ಬೇಗ ಕೂಲಿ ಏರುವುದಿಲ್ಲ. ಅವ್ವನ ಕೈಯ ಬಗ್ಗೆ ನಾನು ಬರೆಯುವುದರಿಂದ ಅವಳ ಮೊಣಕಾಲಿನ ನೋವು ಕಡಿಮೆಯಾಗುವುದಿಲ್ಲ. ಅದು ಐವತ್ತು ವರ್ಷ ನೆಲ ಸಾರಿಸಿದ ಮೊಣಕಾಲು.

ಇನ್ನು ಹೊಳೆ. ಇಷ್ಟೆಲ್ಲ ಮೆತ್ತುವುದು ಯಾಕೆ, ಮತ್ತೆ ಬರುತ್ತದಲ್ಲ ಎಂದು ತಮ್ಮ ಕೇಳುತ್ತಾನೆ. ಅವನು ಪುಣೆಯಲ್ಲಿದ್ದಾನೆ, ಲೆಕ್ಕ ಚೆನ್ನಾಗಿ ಬರುತ್ತದೆ. ಹೊಳೆದಂಡೆಯ ಊರುಗಳನ್ನು ಎತ್ತರಕ್ಕೆ ಸಾಗಿಸಬೇಕು ಎಂಬ ಬೇಡಿಕೆ ನಮ್ಮ ಕಡೆ ಹಳೆಯದು. ಪ್ರತಿ ಪ್ರವಾಹದ ನಂತರ ಅದಕ್ಕೆ ಜೀವ ಬರುತ್ತದೆ, ನೀರು ಇಳಿದಂತೆ ಅದೂ ಇಳಿಯುತ್ತದೆ. ನಾಳೆ ಸಾಗಿಸುವ ಮನೆಗೆ ಇವತ್ತು ಗಿಲಾವು ಮಾಡುವುದು ಮೂರ್ಖತನವೇ? ಲೆಕ್ಕದಲ್ಲಿ ಹೌದು. ಆದರೆ ಆ ನಾಳೆ ಬರುವವರೆಗೆ ಅವ್ವ ಈ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ, ಇದೇ ಜಂತಿಯ ಕೆಳಗೆ ಮಲಗುತ್ತಾಳೆ. ಬೀಳುತ್ತದೆ ಎಂದು ಗೊತ್ತಿರುವುದನ್ನು ಈ ಮಳೆಗಾಲಕ್ಕೆ ಬೀಳದಂತೆ ನೋಡಿಕೊಳ್ಳುವುದರಲ್ಲಿ ನನಗೆ ಮೂರ್ಖತನ ಕಾಣುವುದಿಲ್ಲ. ಮಂದಿ ಮುದಿ ದೇಹಕ್ಕೂ ಔಷಧ ಕೊಡುತ್ತಾರೆ. ತಮ್ಮನಿಗೆ ಇದನ್ನು ಹೇಳಿದೆ. ಅವನು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಗೌಂಡಿ ಪಗಾರ ನಾ ಕಳಸ್ತೇನಿ, ನೀ ಮಾತ್ರ ಕೈ ಹಚ್ಚಬ್ಯಾಡ’ ಎಂದ. ನನ್ನ ಗೋಡೆಯ ಫೋಟೋ ಅವನಿಗೆ ತಲುಪಿತ್ತು.

ಕಾಕಾ ಒಪ್ಪಿದ್ದಾರೆ, ಒಂದು ಕರಾರಿನ ಮೇಲೆ. ಮಣ್ಣು ಕೊಳೆಯುವ ಎಂಟು ದಿನಗಳನ್ನೂ ಕೂಲಿಯಲ್ಲಿ ಹಿಡಿಯಬೇಕು. ಆ ದಿನಗಳಲ್ಲಿ ಮಣ್ಣು ತುಳಿಯಲು ಅವರ ಸೊಸೆ ಬರುತ್ತಾಳೆ, ಅವಳಿಗೆ ಗಂಡಾಳಿನಷ್ಟೇ ಪಗಾರ ಕೊಡಬೇಕು. ಇದನ್ನು ಕೇಳಿ ಅವ್ವ, ‘ಮಣ್ಣ ತುಳ್ಯಾಕ ಪಗಾರಾ?’ ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ದಿನಕ್ಕೆ ಎಷ್ಟು ಎಂದು ಕೇಳಿದಳು. ಹೇಳಿದೆ. ಬೆರಳು ಮಡಚಿ ಮಡಚಿ ಏನೋ ಎಣಿಸುತ್ತ ಒಳಗೆ ಹೋದಳು.